ಏಳು ಗಂಟೆಯ ಕತ್ತಲೆ: ಯುದ್ಧಕಾಲದ ಪತ್ತೇದಾರಿ ಕಾದಂಬರಿಯೊಂದನ್ನು ಅಚ್ಚು ಮಾಡಿಸಿದ ಮೂರು ವರ್ಷ

ಕಳೆದ ಮಂಗಳವಾರ ಮಧ್ಯಾಹ್ನ ಟಿಳಕವಾಡಿಯ ನಮ್ಮ ಮನೆಯ ಮುಂದೆ ಗೂಡ್ಸ್ ಆಟೋವೊಂದು ಬಂದು ನಿಂತು, ಇಪ್ಪತ್ತು ಇಪ್ಪತ್ತು ಪ್ರತಿಗಳ ಇಪ್ಪತ್ತೈದು ಕಟ್ಟುಗಳನ್ನು ಇಳಿಸಿ ಹೋಯಿತು. 2022ರ ಜೂನ್‌ನಲ್ಲಿ ಬರೆಯಲು ಕುಳಿತ ಕಾದಂಬರಿ 2025ರ ಜೂನ್‌ನಲ್ಲಿ ಪುಸ್ತಕವಾಗಿ ಕೈಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದ ಬೆಳಗಾವಿಯಲ್ಲಿ ನಡೆಯುವ ಒಂದು ಕೊಲೆ, ಅದರ ಹಿಂದಿರುವ ಗೂಢಚಾರಿಕೆ, ಇಷ್ಟೇ ಅದರ ವಸ್ತು. ಬರೆಯುವುದೇ ಕಷ್ಟ, ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎಂದು ನಾನು ನಂಬಿದ್ದೆ. ಆದದ್ದು ಬಹುತೇಕ ಅದಕ್ಕೆ ವಿರುದ್ಧವಾಗಿ. ಇಂಥದೇ ಕೆಲಸಕ್ಕೆ ಕೈಹಾಕುವ ಮತ್ತೊಬ್ಬರು ನಾನು ಎಡವಿದ ಕಲ್ಲುಗಳನ್ನೇ ಎಡವಬಾರದೆಂದು, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ಲೇಖಕಿಯಲ್ಲ. ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿರುವವಳು. ಪತ್ತೇದಾರಿ ಕತೆಗಳ ಹುಚ್ಚು ಚಿಕ್ಕಂದಿನದು. ಯುದ್ಧಕಾಲದ ಗೂಢಚಾರರ ಕತೆಗಳು ಎಂದರೆ ಲಂಡನ್, ಬರ್ಲಿನ್, ಲಿಸ್ಬನ್ ಎಂದೇ ತಿಳಿದಿದ್ದ ನನಗೆ, ನಮ್ಮ ಊರಿನಿಂದ ಒಂದು ದಿನದ ರೈಲು ಪ್ರಯಾಣದೊಳಗೆ ಅಂಥ ಕತೆಯೊಂದು ನಿಜವಾಗಿಯೂ ನಡೆದಿತ್ತು ಎಂದು ಗೊತ್ತಾದದ್ದು ತಡವಾಗಿ. ಆಗ ಗೋವಾ ಪೋರ್ಚುಗೀಸರದು, ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ. ಹೀಗಾಗಿ ಯುದ್ಧ ಆರಂಭವಾದಾಗ ಮೂರು ಜರ್ಮನ್ ಹಡಗುಗಳೂ ಮುಂದೆ ಒಂದು ಇಟಾಲಿಯನ್ ಹಡಗೂ ಮುರ್ಮಗೋವಾ ಬಂದರಿನಲ್ಲಿ ಆಶ್ರಯ ಪಡೆದು ಅಲ್ಲಿಯೇ ಉಳಿದವು. ಅವುಗಳಲ್ಲೊಂದಾದ ಎಹ್ರೆನ್‌ಫೆಲ್ಸ್‌ನಲ್ಲಿ ಗುಪ್ತ ರೇಡಿಯೋ ಇದೆ, ಅರಬ್ಬಿ ಸಮುದ್ರದ ಹಡಗುಗಳ ಸುದ್ದಿ ಅಲ್ಲಿಂದಲೇ ಜರ್ಮನ್ ಜಲಾಂತರ್ಗಾಮಿಗಳಿಗೆ ಹೋಗುತ್ತಿದೆ ಎಂಬುದು ಬ್ರಿಟಿಷರ ಅನುಮಾನ. ತಟಸ್ಥ ನೆಲದಲ್ಲಿ ಸೈನ್ಯ ಕಳಿಸುವಂತಿರಲಿಲ್ಲ. ಆದ್ದರಿಂದ ಕೋಲ್ಕತ್ತದ ಕಂಪನಿಗಳಲ್ಲಿ ಕೆಲಸ ಮಾಡಿಕೊಂಡಿದ್ದ, ಕುದುರೆ ದಳವೊಂದರ ಹವ್ಯಾಸಿ ಸದಸ್ಯರಾದ ನಡುವಯಸ್ಸಿನ ಕೆಲವರನ್ನು, ಸಿಂಹಳವನ್ನು ಸುತ್ತಿ ಬಂದ ಹಳೆಯ ದೋಣಿಯೊಂದರಲ್ಲಿ ತಂದು, 1943ರ ಮಾರ್ಚ್ 9ರ ನಸುಕಿನಲ್ಲಿ ಆ ಹಡಗಿನ ಮೇಲೆ ಹತ್ತಿಸಿದರು. ಅದು ಮುಳುಗಿತು, ಉಳಿದ ಮೂರಕ್ಕೂ ಅವುಗಳ ಸಿಬ್ಬಂದಿಯೇ ಬೆಂಕಿಯಿಟ್ಟು ಮುಳುಗಿಸಿದರು. ಅದಕ್ಕೂ ಕೆಲವು ತಿಂಗಳ ಮೊದಲು ಪಣಜಿಯಲ್ಲಿದ್ದ ಜರ್ಮನ್ ಗೂಢಚಾರನೊಬ್ಬನನ್ನು ಬ್ರಿಟಿಷರು ಅಪಹರಿಸಿಯೂ ಇದ್ದರು. ಈ ಎಲ್ಲ ಸಂಗತಿ ಹೊರಗೆ ಬಂದದ್ದು 1978ರಲ್ಲಿ.

ನಮ್ಮ ಕಡೆಯಿಂದ ಗೋವೆಗೆ ಹೋಗುವ ದಾರಿ ಆಗಲೂ ಖಾನಾಪುರ, ಲೋಂಡಾ, ಕ್ಯಾಸಲ್ ರಾಕ್ ಮೇಲೆಯೇ. ಕ್ಯಾಸಲ್ ರಾಕ್ ಅಂದರೆ ಗಡಿ. ಅಲ್ಲಿ ಸುಂಕದವರ ತಪಾಸಣೆ. ಇತ್ತ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ, ತುಂಬಿ ತುಳುಕುವ ಕ್ಯಾಂಪ್. ಇಷ್ಟು ಸಾಕಾಯಿತು. ಕ್ಯಾಂಪಿಗೆ ದಿನಸಿ ಪೂರೈಸುವ ಗುತ್ತಿಗೆದಾರನ ಗುಮಾಸ್ತನೊಬ್ಬ, ಮಾರ್ಚ್ ಮೊದಲ ವಾರದ ಒಂದು ಬೆಳಿಗ್ಗೆ ಲೋಂಡಾ ನಿಲ್ದಾಣದ ಕೊನೆಯಲ್ಲಿ ಸತ್ತು ಬಿದ್ದಿರುತ್ತಾನೆ. ಅವನ ಜೇಬಿನಲ್ಲಿ ಒಂದು ತಂತಿ ಸಂದೇಶ, ಅಂದರೆ ಟೆಲಿಗ್ರಾಂ. ಹೀಗೆ ಶುರುವಾಗುವ ಕತೆಯ ಮೊದಲ ಕರಡನ್ನು ಎಂಟು ತಿಂಗಳಲ್ಲಿ ಮುಗಿಸಿ, 2023ರ ಫೆಬ್ರವರಿಯಲ್ಲಿ ಐದು ನೆರಳಚ್ಚು ಪ್ರತಿ ತೆಗೆಸಿ ಪರಿಚಿತರಿಗೆ ಓದಲು ಕೊಟ್ಟೆ. ಮನಸ್ಸಿನಲ್ಲಿ ಪುಸ್ತಕ ಬಿಡುಗಡೆಯ ದಿನಾಂಕವನ್ನೂ ಗೊತ್ತುಮಾಡಿಕೊಂಡಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಐವರಲ್ಲಿ ಒಬ್ಬರು ಮೀಟರ್ ಗೇಜ್ ಕಾಲದಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ, ಅನಗೋಳದಲ್ಲಿರುವ ಹಿರಿಯರು. ಅವರ ತಂದೆಯೂ ರೈಲ್ವೆಯವರೇ, ಯುದ್ಧದ ಕಾಲದಲ್ಲಿ ಇದೇ ಮಾರ್ಗದಲ್ಲಿ ದುಡಿದವರು. ಮೂರು ವಾರಗಳ ಮೇಲೆ ಅವರ ಮನೆಗೆ ಹೋದಾಗ ನನ್ನ ಹಸ್ತಪ್ರತಿಯ ಮೂವತ್ತೊಂದನೆಯ ಪುಟದಲ್ಲಿ ಪೆನ್ಸಿಲ್ಲಿನ ಒಂದು ಗೆರೆ ಮಾತ್ರ ಇತ್ತು. ಅಲ್ಲಿ, ಬೆಳಗಿನ ಏಳು ಗಂಟೆಗೆ, ಎಳೆಬಿಸಿಲಿನಲ್ಲಿ, ಚಹದಂಗಡಿಯ ಹುಡುಗ ಕೊಲೆಗಾರನ ಮುಖವನ್ನು ಸ್ಪಷ್ಟವಾಗಿ ನೋಡುತ್ತಾನೆ.

“ಬಾಯಾರ, ಇದು ಯಾವ ಟೈಮ್? ಹಳೇದೋ, ಹೊಸಾದೋ?” ಎಂದರು.

ನನಗೆ ಅರ್ಥವಾಗಲಿಲ್ಲ. “ಲಡಾಯಿ ಒಳಗ ಗಡಿಯಾರ ಒಂದ್ ತಾಸು ಮುಂದ ಮಾಡಿದ್ರು. ನಮ್ಮಪ್ಪ ಸಾಯೂತನಾ ಹೇಳ್ತಿದ್ರು, ಏಳಕ್ಕ ಡ್ಯೂಟಿಗೆ ಹೋಗಬೇಕಾರ ಕಂದೀಲು ಹಿಡ್ಕೊಂಡು ಹೋಗ್ತಿದ್ವಿ ಅಂತ.”

ಮನೆಗೆ ಬಂದು ಹುಡುಕಿದೆ. ನಿಜ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರಗಳು ಈಗಿನ ಭಾರತೀಯ ಕಾಲಮಾನಕ್ಕಿಂತ ಒಂದು ತಾಸು ಮುಂದಿದ್ದವು. ಬೆಳಗಾವಿ ಸೀಮೆಯಲ್ಲಿ ಮಾರ್ಚ್ ಮೊದಲ ವಾರದಲ್ಲಿ ಸೂರ್ಯ ಹುಟ್ಟುವುದು ಈಗಿನ ಲೆಕ್ಕದಲ್ಲಿ ಸುಮಾರು ಆರೂ ಮುಕ್ಕಾಲಿಗೆ. ಅಂದರೆ 1943ರ ಗಡಿಯಾರದಲ್ಲಿ ಏಳೂ ಮುಕ್ಕಾಲಿಗೆ. ನನ್ನ ಏಳು ಗಂಟೆಯ ಎಳೆಬಿಸಿಲು ಕಗ್ಗತ್ತಲೆಯಾಗಿತ್ತು. ಪ್ರತ್ಯಕ್ಷ ಸಾಕ್ಷಿ ಹೋಯಿತು. ಸಾಕ್ಷಿಯನ್ನು ನಂಬಿ ಕಟ್ಟಿದ ಒಂಬತ್ತು ಅಧ್ಯಾಯಗಳೂ ಹೋದವು. ಬರೀ ಅಂಕಿಸಂಖ್ಯೆಯ ನಡುವೆಯೇ ಬದುಕುವ ನಾನು ಒಂದು ತಾಸಿನ ಲೆಕ್ಕದಲ್ಲಿ ತಪ್ಪಿದ್ದೆ. ಆ ವಾರ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಮನೆಯವರು ಕಚೇರಿಯಲ್ಲಿ ಏನೋ ಆಗಿದೆ ಎಂದು ತಿಳಿದರು.

ಅನುಮಾನ ಒಮ್ಮೆ ಹೊಕ್ಕ ಮೇಲೆ ಎಲ್ಲವನ್ನೂ ತಪಾಸಿಸತೊಡಗಿದೆ. ಮಾರ್ಚ್ 8ರ ರಾತ್ರಿ ಕ್ಯಾಸಲ್ ರಾಕ್ ಕಾಡಿನಲ್ಲಿ ಹಿಟ್ಟು ಚೆಲ್ಲಿದಂಥ ಬೆಳದಿಂಗಳು ಎಂದು ಬರೆದು, ಆ ಸಾಲಿನ ಬಗ್ಗೆ ಹೆಮ್ಮೆಪಟ್ಟಿದ್ದೆ. ಪಂಚಾಂಗದ ಲೆಕ್ಕ ಹಾಕಿದರೆ ಅಮಾವಾಸ್ಯೆ ಕಳೆದು ಎರಡೇ ದಿನ. ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಬೆಳದಿಂಗಳಿಗೆ ಹೋಳಿ ಹುಣ್ಣಿಮೆಯವರೆಗೆ ಕಾಯಬೇಕಿತ್ತು. ಕಾಡಿನಲ್ಲಿ ಹಿಂಬಾಲಿಸುವ ಇಡೀ ಪ್ರಸಂಗವನ್ನು ಕಿವಿಯ ಮೇಲೆ, ತರಗೆಲೆಯ ಸದ್ದಿನ ಮೇಲೆ ಮತ್ತೆ ಬರೆಯಬೇಕಾಯಿತು. ಇನ್ನೊಂದು ಕಡೆ, 1942ರ ಡಿಸೆಂಬರ್‌ನಲ್ಲಿ ಖಡೇಬಜಾರಿನ ಅಂಗಡಿಯವನು ಗುರುತಿನ ಚಿಹ್ನೆಯಾಗಿ ತೂತಿನ ಪೈಸೆಯೊಂದನ್ನು ಕೊಡುತ್ತಾನೆ. ಯುದ್ಧದ ಲೋಹದ ಅಭಾವದಿಂದ ಬಂದ ಆ ತೂತಿನ ನಾಣ್ಯದ ಮೇಲಿನ ಮೊದಲ ಇಸವಿಯೇ 1943! ನಮ್ಮ ಅಜ್ಜಿಯ ಡಬ್ಬಿಯಲ್ಲಿದ್ದ ಅಂಥ ಎರಡು ನಾಣ್ಯಗಳನ್ನು ಎದುರಿಗಿಟ್ಟುಕೊಂಡೇ ಆ ಪುಟ ಬರೆದಿದ್ದೆ; ಅವುಗಳ ಮೇಲೆ 1944 ಎಂದು ಬರೆದದ್ದನ್ನು ಮಾತ್ರ ಓದಿರಲಿಲ್ಲ. ಅದರ ಬದಲಿಗೆ 1940ರಲ್ಲಿ ಬಂದ ಒಂದು ರೂಪಾಯಿಯ ನೋಟನ್ನು ಹರಿದು ಅರ್ಧರ್ಧ ಹಂಚಿದೆ. ಬೆಳ್ಳಿ ರೂಪಾಯಿಯನ್ನು ಜನ ಹೂತಿಡತೊಡಗಿದ್ದ ಕಾಲ ಅದು. ನೋಟೇ ಹೆಚ್ಚು ಸಹಜವಾಯಿತು.

ಎಲ್ಲಕ್ಕಿಂತ ಹೆಚ್ಚು ತಿಣುಕಾಡಿಸಿದ್ದು ತಂತಿ. ಕನ್ನಡದ ನಾಲ್ಕು ಸಾಲು, ಮೊದಲಕ್ಷರಗಳನ್ನು ಕೂಡಿಸಿದರೆ ಗುಪ್ತ ಸಂದೇಶ, ಇದು ನನ್ನ ಯೋಜನೆ. ಆದರೆ ಆಗ ತಂತಿ ಹೋಗುತ್ತಿದ್ದದ್ದು ರೋಮನ್ ಅಕ್ಷರಗಳಲ್ಲಿ. ಕನ್ನಡದ ಮಾತಾದರೂ ಇಂಗ್ಲಿಷ್ ಲಿಪಿಯಲ್ಲೇ ಬರೆದುಕೊಡಬೇಕು. ಹದಿನೈದು ದಿನ ಈ ಗೋಡೆಗೆ ತಲೆ ಚಚ್ಚಿಕೊಂಡ ಮೇಲೆ, ಗೋಡೆಯಲ್ಲೇ ಬಾಗಿಲು ಕಂಡಿತು. ರೋಮನ್ ಲಿಪಿಯಲ್ಲಿ ಬರೆದಾಗ ‘ಕಾದು’ ಮತ್ತು ‘ಕಾಡು’ ಎರಡೂ ಒಂದೇ! ಸತ್ತ ಗುಮಾಸ್ತನ ಜೇಬಿನ ತಂತಿಯನ್ನು ಇನ್‌ಸ್ಪೆಕ್ಟರ್ ‘ಕಾದು ನೋಡು’ ಎಂದು ಓದಿಕೊಂಡು ಮೂರು ದಿನ ಸುಮ್ಮನೆ ಕಾಯುತ್ತಾನೆ. ಕಳಿಸಿದವನು ಹೇಳಿದ್ದು ‘ಕಾಡು ನೋಡು’ ಎಂದು. ಸೆನ್ಸಾರಿನವನ ಕಣ್ಣಿಗೂ ಅದು ನಿರುಪದ್ರವಿ ಮಾತು. (ಗುಟ್ಟು ಬಿಟ್ಟುಕೊಟ್ಟೆನೆಂದು ಓದುಗರು ಬೇಸರಪಡಬೇಕಾಗಿಲ್ಲ, ಇದು ನಾಲ್ಕನೆಯ ಅಧ್ಯಾಯದಲ್ಲೇ ಬಯಲಾಗುತ್ತದೆ.) ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಯುಕ್ತಿ ಸಿಗುವುದಿಲ್ಲವೆಂಬ ಸಣ್ಣ ಸಂತೋಷ ನನಗಿದೆ.

ಕತ್ತಲೆಯೂ ಕೊನೆಗೆ ಉಪಯೋಗಕ್ಕೆ ಬಂದಿತು. ರೈಲ್ವೆಯವರು, ಕ್ಯಾಂಪಿನವರು ಹೊಸ ಸಮಯದ ಪ್ರಕಾರ ನಡೆಯುತ್ತಾರೆ. ಗಡಿಯಾರವನ್ನೇ ನೋಡದ ಹಾಲಿನ ಮುದುಕಿ ಹೊತ್ತು ನೋಡಿ ಹೇಳುತ್ತಾಳೆ. ‘ಹೊತ್ತು ಹುಟ್ಟುವುದಕ್ಕೆ ಇನ್ನೂ ಒಂದು ತಾಸು ಇತ್ತು’ ಎಂಬ ಅವಳ ಮಾತನ್ನು ಪೊಲೀಸರು ಹಳೆಯ ರೂಢಿಯಂತೆ ಐದೂ ಮುಕ್ಕಾಲು ಎಂದು ಬರೆದುಕೊಳ್ಳುತ್ತಾರೆ, ಗಡಿಯಾರದಲ್ಲಿ ಆಗ ಆರೂ ಮುಕ್ಕಾಲು. ಆ ಒಂದು ತಾಸಿನ ಸಂದಿಯಲ್ಲೇ ಕೊಲೆಗಾರ ತಾನು ಬೇರೆಡೆ ಇದ್ದೆನೆಂದು ಸಾಧಿಸಿ ಪಾರಾಗುತ್ತಾನೆ. ಮೊದಲಿನ ಕರಡಿಗಿಂತ ಇದು ನೂರು ಪಾಲು ವಾಸಿ ಎಂದು ಈಗ ಹೇಳಬಲ್ಲೆ, ಆಗ ಅತ್ತಿದ್ದೆ. ಯುದ್ಧಕಾಲದ ಕೊಲೆಕತೆ ಬರೆಯುವವರು ಪಾತ್ರಗಳಿಗೆ ಹೆಸರಿಡುವ ಮೊದಲೇ ಒಂದು ಹಾಳೆಯಲ್ಲಿ ಆ ದಿನದ ಗಡಿಯಾರ, ಸೂರ್ಯ, ಚಂದ್ರ, ಚಲಾವಣೆಯ ನಾಣ್ಯ, ಅಂಚೆ ತಂತಿಯ ನಿಯಮ ಇಷ್ಟನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕೆಂಬುದು ನನ್ನ ವಿನಂತಿ.

ದಾಖಲೆಗಳ ವಿಷಯ. ಬೆಳಗಾವಿ 1956ರವರೆಗೆ ಮುಂಬೈ ಆಡಳಿತದಲ್ಲಿದ್ದುದರಿಂದ ಯುದ್ಧಕಾಲದ ಸರ್ಕಾರಿ ಕಡತಗಳನ್ನು ಬೆಂಗಳೂರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಎರಡು ಬಾರಿ ರಾತ್ರಿ ಬಸ್ಸಿನಲ್ಲಿ ಹೋಗಿಬಂದೆ. ಮೊದಲ ಬಾರಿ ರಜೆಯ ಪಟ್ಟಿಯನ್ನು ನೋಡದೆ ಹೋಗಿ ಮುಚ್ಚಿದ ಬಾಗಿಲು ನೋಡಿ ಮರಳಿದ್ದು ನನ್ನದೇ ತಪ್ಪು. ಗುರುತಿನ ಚೀಟಿಯ ಪ್ರತಿ, ಭಾವಚಿತ್ರ, ಯಾವ ವಿಷಯದ ಅಧ್ಯಯನಕ್ಕಾಗಿ ಎಂಬ ಪತ್ರ ಇವುಗಳನ್ನು ಎರಡೆರಡು ಒಯ್ಯುವುದು ಲೇಸು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅನೇಕ ಕಡತಗಳು ‘ಅಭಿಲೇಖ ಪಟಲ’ ಎಂಬ ಅವರ ಜಾಲತಾಣದಲ್ಲಿ ಮನೆಯಲ್ಲೇ ಓದಲು ಸಿಗುತ್ತವೆ. ಹುಡುಕುವಾಗ ಊರಿನ ಈಗಿನ ಹೆಸರನ್ನು ಬಿಟ್ಟು ಆಗಿನ ‘ಬೆಲ್ಗಾಮ್’ ಎಂಬ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು. ಬೆಳಗಾವಿ ಎಂಬುದು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಇದು ತಿಳಿಯದೆ ಎರಡು ಸಂಜೆ ಹಾಳುಮಾಡಿಕೊಂಡೆ.

ಆ ಕಡತಗಳನ್ನು ಓದುತ್ತಾ ಹೋದಂತೆ ಬೇರೆಯೇ ಒಂದು ತೊಡಕು ಎದುರಾಯಿತು, ಅದು ಮಾಹಿತಿಯ ತೊಡಕಾಗಿರಲಿಲ್ಲ. ಯುರೋಪಿನ ಯುದ್ಧದ ಕತೆಗಳಲ್ಲಿ ವೈರಿಯ ಗೂಢಚಾರನೆಂದರೆ ವೈರಿಯೇ, ಅವನನ್ನು ಹಿಡಿಯುವವನು ನಾಯಕನೇ. 1943ರ ಬೆಳಗಾವಿಯಲ್ಲಿ ಹಾಗಲ್ಲ. ‘ಭಾರತ ಬಿಟ್ಟು ತೊಲಗಿ’ ಚಳವಳಿ ಹತ್ತಿಕ್ಕಲ್ಪಡುತ್ತಿದ್ದ ಕಾಲ. ಹಿಂಡಲಗಾ ಜೈಲಿನಲ್ಲಿ ನಮ್ಮವರೇ ಇದ್ದಾರೆ. ಮುಂಬೈಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು 1942ರ ಆಗಸ್ಟ್ 27ರಿಂದ ನವೆಂಬರ್ 12ರವರೆಗೆ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿ ಸಿಕ್ಕಿಬಿದ್ದಿದ್ದಾರೆ. ನನ್ನ ಕತೆಯ ಕಾಡಿನಲ್ಲಿ ಅಡಗಿಸಿಟ್ಟ ರೇಡಿಯೋ ಯಂತ್ರ ಜರ್ಮನ್ ಗೂಢಚಾರರದೋ ಚಳವಳಿಗಾರರದೋ ಎಂಬ ಪ್ರಶ್ನೆಗೆ ಆಗಿನ ಪೊಲೀಸನ ಕಣ್ಣಿಗೆ ಎರಡೂ ಉತ್ತರ ಸರಿ, ಎರಡೂ ಅಪರಾಧ. ನನ್ನ ಹಸ್ತಪ್ರತಿ ಓದಿದ ಹುದಲಿಯ ಕಡೆಯ ಅಜ್ಜನೊಬ್ಬರು ಕೊಲೆಗಾರನ ಬಗ್ಗೆ ಏನೂ ಕೇಳಲಿಲ್ಲ. “ನಿಮ್ಮ ಫೌಜದಾರ ಯಾರ ಕಡೀ ಇದ್ದಾನವಾ ತಂಗಿ?” ಎಂದಷ್ಟೇ ಕೇಳಿದರು. ನನ್ನ ಇನ್‌ಸ್ಪೆಕ್ಟರ್ ಅಲ್ಲಿಯವರೆಗೆ ಬರೀ ಬುದ್ಧಿವಂತನಾಗಿದ್ದ. ಅವನ ತಮ್ಮನೊಬ್ಬನನ್ನು ಟೆಲಿಗ್ರಾಫ್ ಕಂಬದ ತಂತಿ ಕತ್ತರಿಸಿದ ಆರೋಪದ ಮೇಲೆ ಜೈಲಿನಲ್ಲಿಟ್ಟ ಮೇಲೆ ಅವನಿಗೆ ನಿದ್ದೆ ಬಾರದಾಯಿತು, ಕಾದಂಬರಿಗೆ ಜೀವ ಬಂದಿತು. ಈ ಪರಿಷ್ಕರಣೆ 2023ರ ಡಿಸೆಂಬರ್‌ವರೆಗೆ ನಡೆಯಿತು.

ಪ್ರಕಾಶಕರ ಭಾಗವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಕಾಯುವುದರ ಹೊರತು ಏನೂ ನಡೆಯಲಿಲ್ಲ. ಒಬ್ಬರು ಹನ್ನೊಂದು ತಿಂಗಳು ಇಟ್ಟುಕೊಂಡು, ಪತ್ತೇದಾರಿ ಈಗ ಓಡುವುದಿಲ್ಲ ಎಂದು ಎರಡು ಸಾಲು ಬರೆದರು. ಇನ್ನೊಬ್ಬರು ಮುನ್ನೂರು ಪ್ರತಿಗಳನ್ನು ನಾನೇ ಕೊಳ್ಳುವುದಾದರೆ ಅಚ್ಚು ಹಾಕುವುದಾಗಿ ಹೇಳಿದರು. ಕೊಳ್ಳುವವಳು ನಾನೇ ಆದರೆ ಅಚ್ಚು ಹಾಕುವವಳೂ ನಾನೇ ಏಕಾಗಬಾರದು ಎಂದು ಲೆಕ್ಕದ ಮನಸ್ಸು ಕೇಳಿತು. ಹಸ್ತಪ್ರತಿ ಕೊಡುವಾಗ ಇಂತಿಷ್ಟು ತಿಂಗಳಲ್ಲಿ ಉತ್ತರ ಬಾರದಿದ್ದರೆ ಬೇರೆಯವರಿಗೆ ಕೊಡುವೆನೆಂದು ಪತ್ರದಲ್ಲೇ ಬರೆದಿಡುವುದು ಕ್ಷೇಮ.

ಅಲ್ಲಿಂದ ಕಾಗದಪತ್ರದ ಕೆಲಸ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯು ಜಾಲತಾಣದ ಮೂಲಕ ಉಚಿತವಾಗಿ ಕೊಡುತ್ತದೆ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಇದಕ್ಕೆ ಮೂರು ಸಾವಿರ ಕೇಳಿದ ಮಧ್ಯವರ್ತಿಯೊಬ್ಬರು ನನಗೆ ಸಿಕ್ಕಿದ್ದರು, ಕೊಡಬೇಡಿ. ನನ್ನ ಅರ್ಜಿ ಒಮ್ಮೆ ಮರಳಿ ಬಂದಿತು: ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಅರ್ಜಿಯಲ್ಲೊಂದು ರೀತಿ, ಶೀರ್ಷಿಕೆ ಪುಟದಲ್ಲೊಂದು ರೀತಿ ಬರೆದಿದ್ದೆ. ರೋಮನ್ ಲಿಪಿಯ ಗೊಂದಲದ ಮೇಲೆಯೇ ಕಾದಂಬರಿ ಕಟ್ಟಿದವಳಿಗೆ ಈ ಶಾಸ್ತಿ ಆಗಬೇಕಾದ್ದೇ. ಕೃತಿಸ್ವಾಮ್ಯ ಬರೆದ ಕ್ಷಣದಿಂದಲೇ ಲೇಖಕರದು, ನೋಂದಣಿ ಕಡ್ಡಾಯವಲ್ಲ. ಆದರೂ ಹನ್ನೊಂದು ತಿಂಗಳು ಹಸ್ತಪ್ರತಿ ಪರರ ಮನೆಯಲ್ಲಿದ್ದುದರಿಂದ ಸಮಾಧಾನಕ್ಕಾಗಿ ಮಾಡಿಸಿದೆ: ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ನಮೂನೆ 14, ಅರ್ಜಿಗೆ ಡೈರಿ ಸಂಖ್ಯೆ ಎಂಬ ದಾಖಲೆ ಸಂಖ್ಯೆ ಸಿಕ್ಕ ಮೇಲೆ ಆಕ್ಷೇಪಣೆಗಳಿಗಾಗಿ 30 ದಿನ ಕಡ್ಡಾಯವಾಗಿ ಕಾಯಬೇಕು, ಆಮೇಲೆ ಪರಿಶೀಲನೆ. ಮುರ್ಮಗೋವಾದ ಹಡಗುಗಳಂಥ ಐತಿಹಾಸಿಕ ಸಂಗತಿಗಳ ಮೇಲೆ ಯಾರಿಗೂ ಸ್ವಾಮ್ಯವಿಲ್ಲ, ಆದರೆ ಇನ್ನೊಬ್ಬರು ಅವುಗಳನ್ನು ಬರೆದ ಮಾತುಗಳ ಮೇಲೆ ಇದೆ ಎಂಬುದನ್ನು ನೆನಪಿಡಬೇಕು.

ಇನ್ನು ಅಕ್ಷರ ಜೋಡಣೆ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ಡಿಟಿಪಿಯವರದು ಹಳೆಯ ತಂತ್ರಾಂಶ, ಅದಕ್ಕೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳೇ ಬೇಕು. ಪರಿವರ್ತಿಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಕಳಚಿದವು, ಅರ್ಕಾವೊತ್ತು ಪಕ್ಕದ ಅಕ್ಷರದ ತಲೆ ಏರಿತು. ಅದನ್ನಾದರೂ ಕಣ್ಣಿಟ್ಟು ತಿದ್ದಬಹುದು. ನಾನೇ ಮಾಡಿಕೊಂಡ ಅನಾಹುತ ದೊಡ್ಡದು. ಕೊನೆಯ ಗಳಿಗೆಯಲ್ಲಿ ಪಾತ್ರವೊಂದರ ಹೆಸರನ್ನು ರಾಮ ಎಂಬುದರಿಂದ ಭೀಮ ಎಂದು ಬದಲಿಸಲು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟೆ. ಅದು ಆಜ್ಞಾಪಾಲನೆ ಮಾಡಿತು. ಕರಡು ತಿದ್ದುವವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, “ಅಕ್ಕಾರ, ನಿಮ್ಮ ಫೌಜದಾರ ಎಲ್ಲಾರ್ನೂ ‘ಆಭೀಮ ಅದೀರಿ?’ ಅಂತ ಯಾಕ ಕೇಳಾಕತ್ಯಾನ?” ಎಂದರು. ನಮ್ಮ ಸೀಮೆಯ ಮಾತಿನಲ್ಲಿ ‘ಆರಾಮ’ ಇಲ್ಲದ ಪುಟ ಯಾವುದು? ವಿರಾಮ ವಿಭೀಮವಾಗಿತ್ತು, ಪರಾಮರ್ಶೆ ಪಭೀಮರ್ಶೆಯಾಗಿತ್ತು, ಗ್ರಾಮಗಳ ಗತಿಯನ್ನಂತೂ ಬರೆಯಲಾರೆ. ನಾಲ್ಕು ರಾತ್ರಿ ಅದಕ್ಕೇ ಹೋಯಿತು. ಪತ್ತೇದಾರಿ ಕತೆಯಲ್ಲಿ ಅಕ್ಷರದೋಷ ಬರೀ ದೋಷವಲ್ಲ, ಓದುಗ ಅದನ್ನು ಸುಳಿವೆಂದು ತಿಳಿಯುತ್ತಾನೆ.

ಮುದ್ರಣಾಲಯದಲ್ಲಿ ಹದಿನಾರು ಪುಟಗಳಿಗೆ ಒಂದು ಫಾರಂ ಎಂಬ ಲೆಕ್ಕ. ನನ್ನದು 248 ಪುಟ, ಅಂದರೆ ಹದಿನೈದೂವರೆ ಫಾರಂ. ಎಂಟು ಪುಟ ಕಡಿಮೆ ಮಾಡಿದರೆ ಹದಿನೈದಕ್ಕೆ ಸರಿಹೋಗುತ್ತದೆಂದು ಮುದ್ರಕರು ಹೇಳಿದ್ದರಿಂದ ಕ್ಯಾಂಪಿನ ಬೀದಿಗಳ ವರ್ಣನೆಯನ್ನು ಕತ್ತರಿಸಿದೆ. ಕತೆಗೂ ಒಳ್ಳೆಯದೇ ಆಯಿತು. ಡೆಮಿ ಅಳತೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದ, 500 ಪ್ರತಿಗಳಿಗೆ 47,500 ರೂಪಾಯಿ. ಅಕ್ಷರ ಜೋಡಣೆಗೆ 6,000, ಕರಡು ತಿದ್ದಿದವರಿಗೆ 5,000, ಮುಖಪುಟಕ್ಕೆ 4,000, ಮುಂಬೈ ಪ್ರಯಾಣಗಳಿಗೆ 8,000, ಕೃತಿಸ್ವಾಮ್ಯಕ್ಕೆ 500. ಒಟ್ಟು 71,000, ಅಂದರೆ ಪ್ರತಿಯೊಂದಕ್ಕೆ 142 ರೂಪಾಯಿ. ಬೆಲೆ 260 ಎಂದು ಇಟ್ಟಿದ್ದೇನೆ. ಅಂಗಡಿಯವರು ಶೇಕಡಾ 40 ಮುರಿದುಕೊಂಡರೆ ನನ್ನ ಕೈಗೆ 156. ಎಲ್ಲ ಪ್ರತಿಗಳೂ ಮಾರಾಟವಾದರೆ ಉಳಿಯುವುದು ಪ್ರತಿಗೆ 14. ಮೂರು ವರ್ಷದ ದುಡಿಮೆಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಸೇರಿಸಬೇಡಿ.

ಪುಸ್ತಕ ಬಂದ ಮೇಲೂ ಒಂದು ಕರ್ತವ್ಯವಿದೆ, ಅದನ್ನು ಅನೇಕರು ಮರೆಯುತ್ತಾರೆ. 1954ರ ಕಾಯಿದೆಯ ಪ್ರಕಾರ ಪ್ರಕಾಶಕರು ಪ್ರಕಟಣೆಯ 30 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈಯ ಕನ್ನಿಮಾರಾ, ಮುಂಬೈಯ ಕೇಂದ್ರ ಗ್ರಂಥಾಲಯ ಮತ್ತು ದೆಹಲಿಯ ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಶುಕ್ರವಾರ ನಾಲ್ಕನ್ನೂ ಅಂಚೆಗೆ ಹಾಕಿ ರಸೀದಿಗಳನ್ನು ಕಡತದಲ್ಲಿ ಇಟ್ಟೆ. ಗಾರ್ಡ್ ಆಗಿದ್ದ ಹಿರಿಯರಿಗೆ ಒಂದು ಡಬ್ಬಿ ಕುಂದಾ ಸಮೇತ ಐದು ಪ್ರತಿ ಮುಟ್ಟಿಸಿದೆ. ಅವರು ಮೊದಲು ತೆಗೆದು ನೋಡಿದ್ದು ಮೂವತ್ತೊಂದನೆಯ ಪುಟವನ್ನು. ಆ ಪ್ರಸಂಗ ಈಗ ಇಪ್ಪತ್ತೇಳರಲ್ಲಿದೆ ಎಂದು ಹೇಳಬೇಕಾಯಿತು. ಉಳಿದ 491 ಪ್ರತಿಗಳು ಮಂಚದ ಕೆಳಗಿವೆ. ಬೆಳಗಾವಿಯ ಜಿಟಿಜಿಟಿ ಮಳೆ ಹಿಡಿದಿದೆ, ನೆಲ ತಣ್ಣಗೆ ಬೆವರುತ್ತಿದೆ. ಕಟ್ಟುಗಳ ಕೆಳಗೆ ನಿನ್ನೆ ಎರಡು ಹಲಗೆ ಹಾಕಿಸಿದ್ದೇನೆ.